ಅಡಿಕೆ ಸೊಕ್ಕಿದಾಗ ದೇಹದೊಳಗೆ ಏನಾಗುತ್ತದೆ?

ಮಾಣಿ–ಮೈಸೂರು ಹೆದ್ದಾರಿಯಲ್ಲಿ ಪುತ್ತೂರು ದಾಟಿ ಸುಳ್ಯದ ಕಡೆಗೆ ಹೊರಟರೆ ಕುಂಬ್ರ ಸಿಗುತ್ತದೆ. ಪೇಟೆಯಿಂದ ಯಾವ ದಿಕ್ಕಿಗೆ ತಿರುಗಿ ಒಳಹೊಕ್ಕರೂ ಅಡಿಕೆ ತೋಟ ಎದುರಾಗಲು ಹೆಚ್ಚು ಹೊತ್ತು ಬೇಡ. ಈ ಕಡೆಯ ಮನೆಗಳಲ್ಲಿ ಬಂದವರಿಗೆ ಬೆಲ್ಲ ನೀರು ಕೊಟ್ಟ ಮೇಲೆ, ಊಟ ಮುಗಿದ ಮೇಲೆ, ಎಲೆ ಅಡಿಕೆಯ ತಟ್ಟೆ ಮುಂದೆ ಬರುವುದು ರೂಢಿ. ಅಭ್ಯಾಸವಿದ್ದವರು ಕವಳ ಹಾಕಿಕೊಂಡು ಮಾತು ಮುಂದುವರಿಸುತ್ತಾರೆ. ಅಭ್ಯಾಸವಿಲ್ಲದ ಅತಿಥಿ ಮರ್ಯಾದೆಗೆಂದು ಒಂದು ಹೋಳು ಬಾಯಿಗೆ ಹಾಕಿಕೊಂಡರೆ ಎರಡು ಮೂರು ನಿಮಿಷದಲ್ಲಿ ಕಿವಿ ಬಿಸಿಯಾಗುತ್ತದೆ. ಮುಖ ಕೆಂಪೇರುತ್ತದೆ, ಹಣೆಯ ಮೇಲೆ ಬೆವರು ಮೂಡುತ್ತದೆ, ಬಾಯಲ್ಲಿ ನೀರು ತುಂಬುತ್ತದೆ, ಎದೆ ಡವಗುಟ್ಟುತ್ತದೆ. ಕೆಲವರಿಗೆ ತಲೆಯೂ ತಿರುಗುತ್ತದೆ. ಮನೆಯವರಿಗೆ ಇದು ಹೊಸತಲ್ಲ. "ಅಡಿಕೆ ಸೊಕ್ಕಿತು, ನೀರು ಕುಡಿದು ಸ್ವಲ್ಪ ಕೂತುಕೊಳ್ಳಿ" ಎನ್ನುತ್ತಾರೆ. ಕಾಲು ಗಂಟೆ ಕಳೆಯುವಾಗ ಎಲ್ಲ ಇಳಿದಿರುತ್ತದೆ.

ಒಂದು ಹೋಳು ಅಡಿಕೆ ಇಷ್ಟೆಲ್ಲ ಮಾಡುವುದು ಹೇಗೆ ಎಂಬುದು ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ. ಬೆವರುವುದು ಚರ್ಮದ ಕೆಲಸ, ಬಡಿಯುವುದು ಹೃದಯದ ಕೆಲಸ, ಜೊಲ್ಲು ಸುರಿಸುವುದು ಬಾಯಿಯ ಗ್ರಂಥಿಗಳ ಕೆಲಸ. ಇವೆಲ್ಲ ಒಟ್ಟಿಗೆ ಎಚ್ಚೆತ್ತವೆಂದರೆ ಎಲ್ಲಕ್ಕೂ ಸಂಬಂಧಪಟ್ಟ ಯಾವುದೋ ಒಂದು ವ್ಯವಸ್ಥೆಯನ್ನು ಅಡಿಕೆ ಮುಟ್ಟಿರಬೇಕು. ಆ ವ್ಯವಸ್ಥೆಯೇ ಸ್ವಾಯತ್ತ ನರವ್ಯೂಹ. ಅದರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹುಲಿ ಕಂಡು ಓಡುವ ಮನುಷ್ಯನಿಂದ ಶುರು ಮಾಡುತ್ತಾರೆ. ಪುತ್ತೂರು ಸೀಮೆಯವರಿಗೆ ಹುಲಿಯ ಅಗತ್ಯವಿಲ್ಲ. ಅಡಿಕೆ, ಉಮ್ಮತ್ತ, ತೋಟದ ಕೀಟನಾಶಕ, ಕಾಡಿನ ಸರ್ಪಗಂಧ, ಈ ನಾಲ್ಕನ್ನು ಇಟ್ಟುಕೊಂಡೇ ಇಡೀ ನರವ್ಯೂಹವನ್ನು ಅರ್ಥ ಮಾಡಿಕೊಳ್ಳಬಹುದು.

ಮೊದಲು ವ್ಯವಸ್ಥೆಯ ಪರಿಚಯ. ಕೈ ಎತ್ತಬೇಕೆಂದರೆ ಮನುಷ್ಯ ಇಚ್ಛಿಸಬೇಕು. ಆದರೆ ಊಟ ಜೀರ್ಣವಾಗುವುದಕ್ಕೆ, ಕಣ್ಣಿನ ಪಾಪೆ ಬಿಸಿಲಿಗೆ ಕಿರಿದಾಗುವುದಕ್ಕೆ, ನಿದ್ದೆಯಲ್ಲಿ ಹೃದಯ ನಿಧಾನಿಸುವುದಕ್ಕೆ ಯಾರ ಇಚ್ಛೆಯೂ ಬೇಡ. ಈ ಕೆಲಸಗಳನ್ನು ನೋಡಿಕೊಳ್ಳುವ ನರಗಳಿಗೆ ಕೇಂಬ್ರಿಜ್‌ನ ಶರೀರವಿಜ್ಞಾನಿ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ 1898ರಲ್ಲಿ ಈಗಿನ ಹೆಸರು ಕೊಟ್ಟರು. ಅದರಲ್ಲಿ ಎರಡು ಮುಖ್ಯ ಕವಲುಗಳು. ಎದೆ ಮತ್ತು ಸೊಂಟದ ಮಟ್ಟದಲ್ಲಿ ಬೆನ್ನುಹುರಿಯಿಂದ ಹೊರಡುವುದು ಸಿಂಪಥೆಟಿಕ್ ಅಥವಾ ಅನುವೇದಕ ಕವಲು. ಮೆದುಳಿನ ಕಾಂಡದಿಂದ ಮತ್ತು ಬೆನ್ನುಹುರಿಯ ಕೆಳತುದಿಯಿಂದ ಹೊರಡುವುದು ಪ್ಯಾರಾಸಿಂಪಥೆಟಿಕ್ ಅಥವಾ ಪರಾನುವೇದಕ ಕವಲು. ಎರಡನೆಯದರ ಹೆಚ್ಚಿನ ಪಾಲು ವೇಗಸ್ ಎಂಬ ಒಂದೇ ಉದ್ದನೆಯ ನರದಲ್ಲಿ ಸಾಗುತ್ತದೆ. ಕುತ್ತಿಗೆಯಲ್ಲಿಳಿದು ಹೃದಯ, ಶ್ವಾಸಕೋಶ, ಜಠರ, ಕರುಳು ಎಲ್ಲವನ್ನೂ ಮುಟ್ಟುವ ಈ ನರದ ಎಳೆಗಳಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಅಂಗಾಂಗಗಳ ಸುದ್ದಿಯನ್ನು ಮೆದುಳಿಗೆ ಒಯ್ಯುವಂಥವು, ಆಜ್ಞೆ ತರುವಂಥವಲ್ಲ. ಅಂದರೆ ಈ ನರವ್ಯೂಹ ಹೇಳುವುದಕ್ಕಿಂತ ಕೇಳುವುದೇ ಹೆಚ್ಚು.

ಮೊದಲ ಕವಲು ಒತ್ತಡದ್ದು, ಎರಡನೆಯದು ವಿಶ್ರಾಂತಿಯದು, ಮೊದಲನೆಯದನ್ನು ತಗ್ಗಿಸಿ ಎರಡನೆಯದನ್ನು ಹೆಚ್ಚಿಸಿದರೆ ಆರೋಗ್ಯ ಎಂಬ ಮಾತು ಈಗ ಮೊಬೈಲ್ ತೆರೆದಲ್ಲೆಲ್ಲ ಸಿಗುತ್ತದೆ. ಅರ್ಧ ಸತ್ಯ ಇದು, ಕೆಲವೊಮ್ಮೆ ಅಪಾಯಕಾರಿ ಅರ್ಧ ಸತ್ಯ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಕ್ಷಣವನ್ನೇ ನೋಡಬಹುದು. ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಗುರುತ್ವಕ್ಕೆ ಸಿಕ್ಕಿ ಕಾಲು ಮತ್ತು ಹೊಟ್ಟೆಯ ನಾಳಗಳಿಗೆ ಇಳಿಯುತ್ತದೆ. ಕುತ್ತಿಗೆಯ ಕೆರೋಟಿಡ್ ನಾಳದಲ್ಲೂ ಹೃದಯದಿಂದ ಹೊರಡುವ ಮಹಾಪಧಮನಿಯ ಬಾಗಿನಲ್ಲೂ ಇರುವ ಒತ್ತಡ ಗ್ರಹಿಸುವ ನರತುದಿಗಳು ಇದನ್ನು ತಕ್ಷಣ ಮೆದುಳಿನ ಕಾಂಡಕ್ಕೆ ತಿಳಿಸುತ್ತವೆ. ಸಿಂಪಥೆಟಿಕ್ ನರಗಳು ಕಾಲಿನ ರಕ್ತನಾಳಗಳನ್ನು ಬಿಗಿಹಿಡಿಯುತ್ತವೆ, ವೇಗಸ್ ತನ್ನ ಹಿಡಿತ ಸಡಿಲಿಸುತ್ತದೆ, ಹೃದಯ ನಿಮಿಷಕ್ಕೆ ಹತ್ತಿಪ್ಪತ್ತು ಬಡಿತ ಹೆಚ್ಚು ಬಡಿಯುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಇಷ್ಟೂ ಮುಗಿಯದಿದ್ದರೆ ಮನುಷ್ಯ ಪ್ರತಿ ಮುಂಜಾವು ಮಂಚದ ಪಕ್ಕದಲ್ಲೇ ಬೀಳುತ್ತಿದ್ದ. ಒತ್ತಡದ ಕವಲು ಎಂದು ಹೀಗಳೆಯುವ ಸಿಂಪಥೆಟಿಕ್ ನರಗಳೇ ಅವನನ್ನು ನಿಲ್ಲಿಸುವುದು.

ವೇಗಸ್ ಮಾಡುವ ಕೆಲಸವೂ ಬರಿಯ ವಿಶ್ರಾಂತಿಯಲ್ಲ. ಹೃದಯದಲ್ಲಿ ಬಡಿತ ಹುಟ್ಟಿಸುವ ಜೀವಕೋಶಗಳನ್ನು ಅವುಗಳ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತವೆ. ಆರೋಗ್ಯವಂತರ ನಾಡಿ ಕೂತಲ್ಲಿ 70ರ ಆಸುಪಾಸಿನಲ್ಲಿ ಇರುವುದಕ್ಕೆ ವೇಗಸ್ ದಿನವಿಡೀ ಅದನ್ನು ತಡೆಹಿಡಿದಿರುವುದೇ ಕಾರಣ. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಈ ನರ ಕತ್ತರಿಸಿ ಹೋಗಿರುತ್ತದೆ. ಅವರ ನಾಡಿ ಸುಮ್ಮನೆ ಕೂತಾಗಲೂ 90ರಿಂದ 110ರಷ್ಟಿರುವುದು ಈ ಮಾತಿಗೆ ಪುರಾವೆ.

ನರಗಳು ಹೃದಯಕ್ಕೆ ಹೇಳುವುದನ್ನು ಯಾವ ಭಾಷೆಯಲ್ಲಿ ಹೇಳುತ್ತವೆ? ನೂರು ವರ್ಷದ ಹಿಂದೆ ಇದು ದೊಡ್ಡ ವಿವಾದ. ವಿದ್ಯುತ್ತೇ ನೇರವಾಗಿ ಹಾಯುತ್ತದೆ ಎಂದು ಹಲವರು ನಂಬಿದ್ದರು. ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿದ್ದ ಒಟ್ಟೊ ಲೋವಿ 1921ರಲ್ಲಿ ಪ್ರಕಟಿಸಿದ ಪ್ರಯೋಗ ಅದನ್ನು ಇತ್ಯರ್ಥ ಮಾಡಿತು. ಎರಡು ಕಪ್ಪೆಗಳ ಹೃದಯಗಳನ್ನು ದ್ರಾವಣದಲ್ಲಿಟ್ಟು, ಮೊದಲ ಹೃದಯದ ವೇಗಸ್ ನರವನ್ನು ಪ್ರಚೋದಿಸಿದರು. ಅದು ನಿಧಾನವಾಯಿತು. ಅದರ ಸುತ್ತಲಿನ ದ್ರಾವಣವನ್ನು ತೆಗೆದು ಎರಡನೆಯ ಹೃದಯಕ್ಕೆ ಹಾಕಿದರೆ, ಯಾವ ನರವನ್ನೂ ಮುಟ್ಟದಿದ್ದ ಅದೂ ನಿಧಾನವಾಯಿತು. ನರ ಒಂದು ರಾಸಾಯನಿಕವನ್ನು ಬಿಡುಗಡೆ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷ್ಯ ಬೇಕಿರಲಿಲ್ಲ. ಆ ರಾಸಾಯನಿಕ ಅಸಿಟೈಲ್‌ಕೋಲಿನ್. ಅದರ ಗುಣಗಳನ್ನು ಅದಕ್ಕೂ ಮೊದಲೇ, 1914ರಲ್ಲಿ, ಇಂಗ್ಲೆಂಡಿನ ಹೆನ್ರಿ ಡೇಲ್ ವಿವರಿಸಿದ್ದರು. ಇಬ್ಬರಿಗೂ 1936ರ ನೊಬೆಲ್ ಬಹುಮಾನ ಬಂತು.

ಡೇಲ್ ಗಮನಿಸಿದ ಒಂದು ಸಂಗತಿ ನೇರ ಕುಂಬ್ರದ ಎಲೆ ತಟ್ಟೆಗೆ ಬರುತ್ತದೆ. ಅಸಿಟೈಲ್‌ಕೋಲಿನ್‌ನ ಕೆಲವು ಪರಿಣಾಮಗಳನ್ನು ವಿಷದ ಅಣಬೆಯೊಂದರ ಮಸ್ಕರಿನ್ ಕೂಡ ಉಂಟುಮಾಡುತ್ತದೆ, ಇನ್ನು ಕೆಲವನ್ನು ಹೊಗೆಸೊಪ್ಪಿನ ನಿಕೊಟಿನ್ ಉಂಟುಮಾಡುತ್ತದೆ ಎಂಬುದು ಆ ಸಂಗತಿ. ಜೀವಕೋಶಗಳ ಮೇಲೆ ಈ ರಾಸಾಯನಿಕಕ್ಕೆ ಎರಡು ಬಗೆಯ ಬೀಗಗಳಿವೆ, ವಿಜ್ಞಾನದಲ್ಲಿ ಅವುಗಳ ಹೆಸರು ಗ್ರಾಹಕ. ಒಂದಕ್ಕೆ ಮಸ್ಕರಿನ್ ಹೊಂದುತ್ತದೆ, ಇನ್ನೊಂದಕ್ಕೆ ನಿಕೊಟಿನ್. ಅಸಿಟೈಲ್‌ಕೋಲಿನ್ ಎರಡನ್ನೂ ತೆರೆಯುವ ಕೀಲಿಕೈ. ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ಕ್ಷಾರಾಭ ಹೆಚ್ಚಾಗಿ ಮೊದಲ ಬೀಗಕ್ಕೆ ಹೊಂದುತ್ತದೆ. 1888ರಲ್ಲಿ ಜರ್ಮನಿಯ ರಸಾಯನತಜ್ಞ ಯಾನ್ಸ್ ಇದನ್ನು ಅಡಿಕೆಯಿಂದ ಬೇರ್ಪಡಿಸಿದರು. ಅಡಿಕೆಯಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಆದರೂ ಅಭ್ಯಾಸವಿಲ್ಲದವರನ್ನು ಕೂರಿಸಲು ಅಷ್ಟು ಸಾಕು.

ಸುಣ್ಣಕ್ಕೂ ಇದರಲ್ಲಿ ಪಾತ್ರವಿದೆ. ಸುಣ್ಣ ಬಾಯಿಯನ್ನು ಕ್ಷಾರೀಯ ಮಾಡಿದಾಗ ಅರಿಕೋಲಿನ್ ಕೆನ್ನೆಯ ಒಳಪದರವನ್ನು ಸುಲಭವಾಗಿ ದಾಟುತ್ತದೆ. ಅದೇ ಹೊತ್ತಿಗೆ ಅದರ ಒಂದು ಪಾಲು ಒಡೆದು ಅರಿಕೈಡಿನ್ ಎಂಬ ಬೇರೆ ವಸ್ತುವಾಗುತ್ತದೆ. ಕವಳ ಹಾಕಿದವರು ಹೇಳುವ ಒಂದು ಬಗೆಯ ಹಿತದಲ್ಲಿ ಇದರದೂ ಪಾಲಿರಬಹುದೆಂದು ಔಷಧವಿಜ್ಞಾನಿಗಳು ಭಾವಿಸುತ್ತಾರೆ. ಘಟ್ಟದ ಮೇಲಿನ ಕೆಂಪಡಿಕೆಯನ್ನು ಬೇಯಿಸುವುದರಿಂದ ಅರಿಕೋಲಿನ್ ಸ್ವಲ್ಪ ಕಡಿಮೆಯಾಗುತ್ತದೆ. ಅಂಗಳದಲ್ಲಿ ಬಿಸಿಲಿಗೆ ಒಣಗಿಸುವ ಕರಾವಳಿಯ ಚಾಲಿಗೆ ಆ ಬೇಯಿಸುವ ಹಂತವಿಲ್ಲ. ಹಸಿ ಅಡಿಕೆ ಹೆಚ್ಚು ಸೊಕ್ಕುತ್ತದೆ ಎಂಬುದು ತೋಟದವರೆಲ್ಲರ ಅನುಭವ. ಹೊಗೆಸೊಪ್ಪನ್ನೂ ಸೇರಿಸಿದರೆ ಡೇಲ್ ವಿಂಗಡಿಸಿದ ಎರಡೂ ಬೀಗಗಳು ಒಂದೇ ಕವಳದಲ್ಲಿ ತೆರೆದುಕೊಳ್ಳುತ್ತವೆ.

ಇಲ್ಲೊಂದು ಸೋಜಿಗವಿದೆ. ಮಸ್ಕರಿನ್ ಬಗೆಯ ಗ್ರಾಹಕ ತೆರೆದರೆ ಜೊಲ್ಲು ಹೆಚ್ಚಬೇಕು, ಕರುಳು ಚುರುಕಾಗಬೇಕು, ಹೃದಯ ನಿಧಾನವಾಗಬೇಕು. ಮೊದಲೆರಡು ಆಗುತ್ತವೆ. ಮೂರನೆಯದು ತಿರುಗುಮುರುಗು, ಎದೆಬಡಿತ ಏರುತ್ತದೆ. ತೈವಾನ್‌ನಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನಗಳಲ್ಲಿ ಅಡಿಕೆ ಅಗಿದವರ ಹೃದಯ ಬಡಿತ ಎರಡು ನಿಮಿಷದೊಳಗೆ ಏರತೊಡಗಿ, 4ರಿಂದ 6 ನಿಮಿಷಕ್ಕೆ ತುದಿ ಮುಟ್ಟಿ, ಸುಮಾರು ಕಾಲು ಗಂಟೆಯಲ್ಲಿ ಇಳಿದದ್ದು ದಾಖಲಾಯಿತು. ಕುಂಬ್ರದ ಜಗಲಿಯಲ್ಲಿ ಕೂತವರ ಅನುಭವಕ್ಕೂ ಈ ಲೆಕ್ಕಕ್ಕೂ ವ್ಯತ್ಯಾಸವಿಲ್ಲ. ತೈವಾನ್‌ನಲ್ಲಿ ಅಗಿದವರ ರಕ್ತದಲ್ಲಿ ಸಿಂಪಥೆಟಿಕ್ ಕವಲಿನ ರಾಸಾಯನಿಕಗಳಾದ ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಕೂಡ ಹೆಚ್ಚಿದ್ದವು. ಅಂದರೆ ಅಡಿಕೆ ಒಂದು ಕವಲನ್ನು ಮುಟ್ಟಿದರೆ ಇನ್ನೊಂದು ಕವಲೂ ಎದ್ದು ನಿಲ್ಲುತ್ತದೆ. ಬೆವರಂತೂ ಎರಡರ ಗಡಿಯಲ್ಲೇ ಇರುವ ವಿಷಯ. ಬೆವರು ಗ್ರಂಥಿಗಳಿಗೆ ಬರುವ ನರ ಸಿಂಪಥೆಟಿಕ್ ಆದರೂ ಅದರ ತುದಿಯಲ್ಲಿ ಹೊರಬರುವುದು ಅಸಿಟೈಲ್‌ಕೋಲಿನ್. ಹಾಗಾಗಿ ಅರಿಕೋಲಿನ್ ಅದನ್ನೂ ತೆರೆಯುತ್ತದೆ. ಒತ್ತಡದ ನರ, ವಿಶ್ರಾಂತಿಯ ನರ ಎಂಬ ಸಲೀಸಾದ ಹಂಚಿಕೆ ಒಂದು ಹೋಳು ಅಡಿಕೆಯ ಮುಂದೆ ನಿಲ್ಲುವುದಿಲ್ಲ.

ಅಡಿಕೆಗೆ ಎದುರಾಗಿ ಬೇಲಿ ಬದಿಯ ಉಮ್ಮತ್ತ ನಿಲ್ಲುತ್ತದೆ. ಬದನೆ, ಟೊಮೆಟೊಗಳ ಕುಟುಂಬಕ್ಕೇ ಸೇರಿದ ಈ ಗಿಡದ ಬೀಜ, ಎಲೆಗಳಲ್ಲಿ ಅಟ್ರೋಪಿನ್ ಮತ್ತು ಸ್ಕೊಪೊಲಮಿನ್ ಇವೆ. ಅರಿಕೋಲಿನ್ ತೆರೆಯುವ ಗ್ರಾಹಕಗಳನ್ನೇ ಇವು ಮುಚ್ಚುತ್ತವೆ. ಹಾಗಾಗಿ ಲಕ್ಷಣಗಳೂ ಬಹುತೇಕ ಉಲ್ಟಾ. ಬಾಯಿ ಒಣಗುತ್ತದೆ, ಚರ್ಮ ಬೆವರದೆ ಸುಡುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಮೂತ್ರ ಕಟ್ಟುತ್ತದೆ, ನಾಡಿ ಓಡುತ್ತದೆ, ಮನಸ್ಸು ಭ್ರಮೆಗೆ ಬೀಳುತ್ತದೆ. ಮಕ್ಕಳು ಆಟವಾಡುತ್ತಾ ಬೀಜ ತಿಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕಾದ ವಿಷ ಇದು. ಕಣ್ಣಿನ ಪರೀಕ್ಷೆಗೆ ಹೋದಾಗ ಪಾಪೆ ಅಗಲಿಸಲು ಹಾಕುವ ಹನಿಯೂ ಇದೇ ತತ್ವದ ಮೇಲೆ ಕೆಲಸ ಮಾಡುತ್ತದೆ. ಹನಿ ಹಾಕಿಸಿಕೊಂಡು ಹೊರಬಂದವರಿಗೆ ಬಿಸಿಲು ಕಣ್ಣಿಗೆ ಚುಚ್ಚುವುದು, ಪತ್ರಿಕೆಯ ಅಕ್ಷರ ಮಸುಕಾಗುವುದು ಕಣ್ಣಿನ ಪ್ಯಾರಾಸಿಂಪಥೆಟಿಕ್ ನರದ ಆಜ್ಞೆ ಕೆಲವು ಗಂಟೆ ಅಲ್ಲಿಗೆ ತಲುಪದಿರುವುದರಿಂದ.

ವಿಷವೆಂದು ಹೆದರುವ ಅಟ್ರೋಪಿನ್ನೇ ಜೀವ ಉಳಿಸುವ ಸಂದರ್ಭ ತೋಟಗಳಲ್ಲಿದೆ. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಈ ತಿಳಿವಳಿಕೆ ಕೃಷಿಕರ ಮನೆಯಲ್ಲಿ ಇರಲೇಬೇಕಾದದ್ದು. ನರ ಬಿಡುಗಡೆ ಮಾಡಿದ ಅಸಿಟೈಲ್‌ಕೋಲಿನ್ ಅಲ್ಲೇ ಉಳಿದರೆ ಅಂಗಕ್ಕೆ ಬಿಡುವೇ ಇರದು. ಅದನ್ನು ಕ್ಷಣದಲ್ಲಿ ಒಡೆದುಹಾಕುವ ಕಿಣ್ವವೊಂದಿದೆ, ಹೆಸರು ಅಸಿಟೈಲ್‌ಕೋಲಿನೆಸ್ಟರೇಸ್. ಅಡಿಕೆಯ ಬೇರುಹುಳಕ್ಕೆ ಬಳಸುತ್ತ ಬಂದ ಕ್ಲೋರ್‌ಪೈರಿಫಾಸ್‌ನಂಥ ಆರ್ಗನೊಫಾಸ್ಫೇಟ್ ಕೀಟನಾಶಕಗಳು ಈ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಹುಳ ಸಾಯುವುದು ಹಾಗೆ. ಮನುಷ್ಯನ ಮೈಗೆ ಹೆಚ್ಚಾಗಿ ಸೇರಿದರೂ ಆಗುವುದು ಅದೇ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಕಣ್ಣೀರು, ಜೊಲ್ಲು, ಬೆವರು ಒಟ್ಟಿಗೆ ಹರಿಯುತ್ತವೆ, ವಾಂತಿ, ಭೇದಿ ಶುರುವಾಗುತ್ತದೆ, ಎದೆಯಲ್ಲಿ ಕಫ ತುಂಬಿ ಉಸಿರು ಕಟ್ಟುತ್ತದೆ, ಸ್ನಾಯುಗಳು ಅದುರಿ ಕೊನೆಗೆ ಸೋಲುತ್ತವೆ. ಅಡಿಕೆ ಸೊಕ್ಕಿದ್ದರ ಲಕ್ಷಣಗಳನ್ನು ನೂರು ಪಟ್ಟು ಮಾಡಿ, ಇಳಿಯಲು ದಾರಿಯೇ ಇಲ್ಲದಂತೆ ಮಾಡಿದ ಸ್ಥಿತಿ ಇದು. ಆಸ್ಪತ್ರೆಯಲ್ಲಿ ಎದೆಯ ಕಫ ಒಣಗುವವರೆಗೆ ಮತ್ತೆ ಮತ್ತೆ ಕೊಡುವ ಮದ್ದು ಅಟ್ರೋಪಿನ್. ಉಮ್ಮತ್ತ ಬಾಯಿ ಒಣಗಿಸುವ ದಾರಿಯಲ್ಲೇ ಅದು ಶ್ವಾಸಕೋಶವನ್ನು ಒಣಗಿಸಿ ಉಸಿರು ಉಳಿಸುತ್ತದೆ.

ತೋಟದ ಎಲ್ಲ ಸಿಂಪಡಣೆಗೂ ಈ ಮಾತು ಅನ್ವಯಿಸದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣ ಮೈಲುತುತ್ತ ಮತ್ತು ಸುಣ್ಣದ್ದು. ಕಣ್ಣಿಗೆ, ಚರ್ಮಕ್ಕೆ ಉರಿಯಾದೀತು, ನರದ ಕಿಣ್ವವನ್ನು ಅದು ಕಟ್ಟುವುದಿಲ್ಲ. ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಲ್ಲಿ ಸುರಿದು ಪುತ್ತೂರು, ಬೆಳ್ತಂಗಡಿ, ಕಾಸರಗೋಡು ಕಡೆಯ ಎಷ್ಟೋ ಮನೆಗಳನ್ನು ನೋಯಿಸಿದ ಎಂಡೋಸಲ್ಫಾನ್, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿದ ಆ ವಿಷ, ಬೇರೆಯೇ ಗುಂಪಿನದು. ಮೆದುಳಿನ ಕೋಶಗಳ ಉದ್ರೇಕಕ್ಕೆ ತಡೆ ಹಾಕುವ ವ್ಯವಸ್ಥೆಯನ್ನು ಅದು ಕೆಡಿಸುತ್ತದೆ, ಅದಕ್ಕೆ ಅಟ್ರೋಪಿನ್ ಮದ್ದಲ್ಲ. ಒಂದು ಕಾಲದಲ್ಲಿ ಅಡಿಕೆ, ಬಾಳೆ ತೋಟಗಳಲ್ಲಿ ಸಾಮಾನ್ಯವಾಗಿದ್ದ ಫೋರೇಟ್ ಹರಳು ಮಾತ್ರ ಆರ್ಗನೊಫಾಸ್ಫೇಟ್ ಗುಂಪಿನದೇ, ಅದರಲ್ಲೂ ಅತಿ ಉಗ್ರವಾದದ್ದು. ಕೇಂದ್ರ ಸರ್ಕಾರ 2020ರ ಡಿಸೆಂಬರ್ 31ರಿಂದ ಅದನ್ನು ನಿಷೇಧಿಸಿದೆ. ಹಳೆಯ ಪೊಟ್ಟಣ ಕೊಟ್ಟಿಗೆಯ ಮೂಲೆಯಲ್ಲಿ ಉಳಿದಿದ್ದರೆ ಅದನ್ನು ಬಳಸಬಾರದು, ಕೃಷಿ ಇಲಾಖೆಯವರನ್ನು ಕೇಳಿ ವಿಲೇವಾರಿ ಮಾಡಬೇಕು. ಯಾವ ಮದ್ದು ಮೈಗೆ ತಾಗಿತು ಎಂಬುದರ ಮೇಲೆ ಚಿಕಿತ್ಸೆ ನಿಂತಿರುವುದರಿಂದ ಡಬ್ಬಿಯನ್ನೋ ಅದರ ಲೇಬಲ್ಲನ್ನೋ ರೋಗಿಯ ಜೊತೆಗೇ ಆಸ್ಪತ್ರೆಗೆ ಒಯ್ಯುವುದು ಬಹಳ ಮುಖ್ಯ. ಅದಕ್ಕೂ ಮೊದಲು ನೆನೆದ ಬಟ್ಟೆ ತೆಗೆದು ಮೈಯನ್ನು ಸಾಬೂನು ನೀರಿನಲ್ಲಿ ತೊಳೆಯಬೇಕು.

ನಾಲ್ಕನೆಯ ಸಾಕ್ಷಿ ಸರ್ಪಗಂಧ. ಪಶ್ಚಿಮ ಘಟ್ಟದ ಕಾಡಿನಂಚಿನಲ್ಲಿ ಬೆಳೆಯುವ ಈ ಪುಟ್ಟ ಗಿಡದ ಬೇರನ್ನು ನಿದ್ದೆಗೆ, ಉನ್ಮಾದಕ್ಕೆ ನಾಟಿ ವೈದ್ಯರು ಬಹುಕಾಲದಿಂದ ಕೊಡುತ್ತಿದ್ದರು. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಅದು ರಕ್ತದೊತ್ತಡ ಇಳಿಸುವ ಬಗೆಯನ್ನು ಪ್ರಕಟಿಸಿದ ಮೇಲೆ ಜಗತ್ತು ಅದರತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರೆಸರ್ಪಿನ್ ತೆಗೆದರು. ಸಿಂಪಥೆಟಿಕ್ ನರಗಳ ತುದಿಯಲ್ಲಿ ಸಂಗ್ರಹವಾಗಿರುವ ನಾರ್‌ಅಡ್ರಿನಲಿನ್ ಅದರಿಂದ ಬರಿದಾಗುತ್ತದೆ. ಹೇಳುವ ರಾಸಾಯನಿಕವೇ ಇಲ್ಲದ ನರ ರಕ್ತನಾಳವನ್ನು ಬಿಗಿಯಲಾರದು, ಒತ್ತಡ ಇಳಿಯುತ್ತದೆ. ಮೂಗಿನ ನಾಳಗಳೂ ಸಡಿಲಾಗುವುದರಿಂದ ಅದನ್ನು ತೆಗೆದುಕೊಂಡವರಿಗೆ ಮೂಗು ಕಟ್ಟುತ್ತದೆ. ಕೆಲವರನ್ನು ಮನಸ್ಸಿನ ಖಿನ್ನತೆಯೂ ಕಾಡಿತು. ಹೊಸ ಔಷಧಗಳು ಬಂದಂತೆ ರೆಸರ್ಪಿನ್ ಹಿಂದೆ ಸರಿಯಿತು. ಒತ್ತಡದ ಕವಲನ್ನು ತಗ್ಗಿಸಿದರೆ ಬರಿಯ ನೆಮ್ಮದಿಯೇ ಸಿಗುತ್ತದೆ ಎನ್ನುವವರು ಅದರ ಇತಿಹಾಸವನ್ನು ಒಮ್ಮೆ ಓದಬೇಕು.

ಔಷಧವಿಲ್ಲದೆಯೂ ಈ ವ್ಯವಸ್ಥೆಯ ಶಕ್ತಿ ಕಾಣುವುದು ಅಡಿಕೆ ಕೊಯ್ಲಿನ ದಿನ. ಮರ ಏರುವವರು ತಳೆ ಹಾಕಿ ಮೇಲೆ ನೋಡಿದ ಕ್ಷಣದಲ್ಲೇ, ಒಂದು ಹೆಜ್ಜೆಯೂ ಏರುವ ಮೊದಲು, ನಾಡಿ ಏರತೊಡಗುತ್ತದೆ. ಮೆದುಳು ಮುಂದಾಗುವ ಕೆಲಸವನ್ನು ಊಹಿಸಿ ವೇಗಸ್ಸಿನ ತಡೆಯನ್ನು ತೆಗೆಯುತ್ತದೆ. ಏರುತ್ತಾ ಹೋದಂತೆ ಸಿಂಪಥೆಟಿಕ್ ನರಗಳು ಕರುಳಿನ ರಕ್ತವನ್ನು ಕಡಿಮೆ ಮಾಡಿ ತೊಡೆ, ತೋಳುಗಳಿಗೆ ಕಳಿಸುತ್ತವೆ, ಶ್ವಾಸನಾಳ ಅಗಲಿಸುತ್ತವೆ, ಯಕೃತ್ತಿನಿಂದ ಸಕ್ಕರೆ ಬಿಡಿಸುತ್ತವೆ. ಬೆವರು ಹರಿಯುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಮೈಯಿಂದ ಹೋಗುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ತೊಂದರೆ ಇರುವುದೇ ಅಲ್ಲಿ. ಬೆವರು ಆವಿಯಾಗದೆ ತೊಟ್ಟಿಕ್ಕುತ್ತದೆ, ನೀರು ಉಪ್ಪು ಖರ್ಚಾಗುತ್ತದೆ, ಮೈ ಮಾತ್ರ ತಣಿಯುವುದಿಲ್ಲ. ಮರ ಇಳಿದು ಅಲ್ಲಾಡದೆ ನಿಂತವರಿಗೆ ಕಣ್ಣು ಕತ್ತಲೆ ಬರುವುದುಂಟು. ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುವುದು ನಿಂತಿರುತ್ತದೆ, ಚರ್ಮದ ನಾಳಗಳು ಇನ್ನೂ ಅಗಲವಾಗಿಯೇ ಇರುತ್ತವೆ. ನಾಲ್ಕು ಹೆಜ್ಜೆ ನಡೆದಾಡಿ, ಆಮೇಲೆ ಕೂತು, ಉಪ್ಪು ಹಾಕಿದ ಮಜ್ಜಿಗೆ ನೀರು ಕುಡಿಯುವ ಹಳೆಯ ರೂಢಿಗೆ ಗಟ್ಟಿ ಕಾರಣವಿದೆ. ಇತ್ತೀಚೆಗೆ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಲ್ಲೇ ನಿಂತು ಕೊಯ್ಯುವವರು ಹೆಚ್ಚುತ್ತಿರುವುದು ಒಳ್ಳೆಯದೇ. ಬಿದ್ದರೆ ಪ್ರಾಣಕ್ಕೇ ಎರವಾಗುವ ಎತ್ತರದಲ್ಲಿ ತಲೆ ತಿರುಗುವ ಅಪಾಯವಾದರೂ ಅವರಿಗಿಲ್ಲ.

ಹಾಗಾದರೆ ಇಚ್ಛೆಗೆ ಸಿಗದ ಈ ನರವ್ಯೂಹದ ಮೇಲೆ ಮನುಷ್ಯನಿಗೆ ಹಿಡಿತವೇ ಇಲ್ಲವೆ? ಒಂದು ಕಡೆಯಿಂದ ಇದೆ, ಅದು ಉಸಿರು. ಮಣಿಕಟ್ಟಿನ ನಾಡಿ ಹಿಡಿದು ನಿಧಾನವಾಗಿ ದೀರ್ಘ ಉಸಿರಾಡಿದರೆ ಒಳಗೆಳೆಯುವಾಗ ಬಡಿತ ತುಸು ಬೇಗವಾಗುವುದು, ಬಿಡುವಾಗ ನಿಧಾನವಾಗುವುದು ತಿಳಿಯುತ್ತದೆ. ಯುವಕರಲ್ಲಿ ಇದು ಸ್ಪಷ್ಟ, ವಯಸ್ಸಾದಂತೆ ಕಡಿಮೆ. ಬಿಡುವ ಉಸಿರಿನಲ್ಲಿ ವೇಗಸ್ ಹೆಚ್ಚು ಕೆಲಸ ಮಾಡುವುದೇ ಕಾರಣ. ಬೆಂಗಳೂರಿನ ವಿವೇಕಾನಂದ ಯೋಗ ಕೇಂದ್ರದ ಶರ್ಲಿ ಟೆಲಿಸ್, ಆರ್. ನಾಗರತ್ನ, ಎಚ್.ಆರ್. ನಾಗೇಂದ್ರ ಅವರು 1994ರಲ್ಲಿ ಒಂದೊಂದೇ ಹೊಳ್ಳೆಯ ಉಸಿರಾಟದಿಂದ ಸ್ವಾಯತ್ತ ನರಗಳ ಚಟುವಟಿಕೆ ಬದಲಾಗುವುದನ್ನು ಅಳೆದು ಪ್ರಕಟಿಸಿದ್ದರು. 2001ರಲ್ಲಿ ಇಟಲಿಯ ಲೂಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದದ್ದು ಪುತ್ತೂರಿನಂಥ ಊರಿಗೆ ಇನ್ನೂ ಹತ್ತಿರದ್ದು. ಲ್ಯಾಟಿನ್ ಜಪಮಾಲೆ ಪ್ರಾರ್ಥನೆಯಾಗಲಿ, ಪೂರ್ವದ ಮಂತ್ರಜಪವಾಗಲಿ, ಎರಡೂ ಉಸಿರನ್ನು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಸಿದವು. ಆ ಲಯದಲ್ಲಿ ರಕ್ತದೊತ್ತಡ ಸರಿಪಡಿಸುವ ಪ್ರತಿವರ್ತನೆ ಹೆಚ್ಚು ಚುರುಕಾಯಿತು. ಉಸಿರಾಟದ ಅಭ್ಯಾಸ ಹಿತಕರ, ಮಾಡಬೇಕು. ಅದನ್ನೇ ನೆಚ್ಚಿ ರಕ್ತದೊತ್ತಡದ ಮಾತ್ರೆ ನಿಲ್ಲಿಸಬಾರದು.

ಈ ನರಗಳು ಸದ್ದಿಲ್ಲದೆ ಕೆಡುವುದು ಹೆಚ್ಚಾಗಿ ಸಕ್ಕರೆ ಕಾಯಿಲೆಯಲ್ಲಿ. ಐಸಿಎಂಆರ್‌ನ ದೇಶವ್ಯಾಪಿ ಅಧ್ಯಯನ 2023ರಲ್ಲಿ ಭಾರತದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ವರ್ಷಗಟ್ಟಲೆ ಹೆಚ್ಚಿದ್ದ ಸಕ್ಕರೆ ಸ್ವಾಯತ್ತ ನರಗಳನ್ನು ಸವೆಸಿದಾಗ ಊಟ ಹೊಟ್ಟೆಯಲ್ಲೇ ನಿಲ್ಲುತ್ತದೆ, ನಿಂತರೆ ತಲೆ ಸುತ್ತುತ್ತದೆ, ಕಾಲು ಬೆವರದೆ ಬಿರಿಯುತ್ತದೆ. ಸಕ್ಕರೆ ವಿಪರೀತ ಇಳಿದಾಗ ಎಚ್ಚರಿಸಬೇಕಾದ ನಡುಕ, ಬೆವರುಗಳೂ ಕಾಣಿಸುವುದಿಲ್ಲ, ಹೃದಯಾಘಾತ ಎದೆನೋವಿಲ್ಲದೆ ಬಂದುಹೋಗಬಹುದು. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್‌ಸುಲೊಸಿನ್ ಮಾತ್ರೆ ತೆಗೆದುಕೊಳ್ಳುವ ಹಿರಿಯರಲ್ಲೂ ರಕ್ತನಾಳ ಬಿಗಿಯುವ ಸಿಂಪಥೆಟಿಕ್ ಆಜ್ಞೆ ಸ್ವಲ್ಪ ಮಂಕಾಗುತ್ತದೆ. ರಾತ್ರಿ ಮೂತ್ರಕ್ಕೆಂದು ಥಟ್ಟನೆ ಎದ್ದು ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕೆ ಇದೂ ಒಂದು ಕಾರಣ. ಪತ್ತೆಗೆ ದೊಡ್ಡ ಯಂತ್ರ ಬೇಡ. ಐದು ನಿಮಿಷ ಮಲಗಿಸಿ ರಕ್ತದೊತ್ತಡ ನೋಡಿ, ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೆ ನೋಡಿದಾಗ ಮೇಲಿನ ಅಂಕೆ 20 ಅಥವಾ ಕೆಳಗಿನದು 10 ಇಳಿದಿದ್ದರೆ ವೈದ್ಯರು ಔಷಧದ ಪಟ್ಟಿಯನ್ನು ಮರುಪರಿಶೀಲಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುವ ಈ ಪರೀಕ್ಷೆ ಅರವತ್ತು ದಾಟಿದ ಪ್ರತಿ ಮಧುಮೇಹಿಗೂ ಆಗಲೇಬೇಕು.

ಮತ್ತೆ ಅಡಿಕೆಯ ವಿಷಯ. 1973ರಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದು, 1956ರಿಂದ ವಿಟ್ಲದಲ್ಲಿ ಸಂಶೋಧನಾ ಕೇಂದ್ರ ನಡೆಯುತ್ತಿರುವುದು, ಸಾವಿರಾರು ಮನೆಗಳ ಒಲೆ ಉರಿಯುತ್ತಿರುವುದು ಈ ಬೆಳೆಯಿಂದ. ಬೆಳೆಗಾರರ ಬದುಕಿನ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಅಗಿಯುವವರ ಬಾಯಿಯ ಪ್ರಶ್ನೆಯನ್ನೂ ಮುಚ್ಚಿಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2003ರ ಪರಿಶೀಲನೆಯಲ್ಲಿ, ಹೊಗೆಸೊಪ್ಪು ಇಲ್ಲದ ಎಲೆಯಡಿಕೆಯನ್ನೂ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬಾಯಿ ಕ್ರಮೇಣ ತೆರೆಯಲಾಗದಂತೆ ಒಳಪದರ ಬಿಗಿಯುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಡಿಕೆ ಅಗಿಯುವವರಲ್ಲಿ ಬರುವ ಕಾಯಿಲೆ. ತೋಟದ ಅಡಿಕೆಗೂ ಗುಟ್ಕಾ ಪೊಟ್ಟಣಕ್ಕೂ ಅಂತರವಿದೆ ಎಂಬುದು ನಿಜ, ಆದರೆ ಆ ಅಂತರ ಅಡಿಕೆಯನ್ನು ನಿರಪಾಯಕಾರಿ ಮಾಡುವುದಿಲ್ಲ.

ದಿನವೂ ಕವಳ ಹಾಕುವವರು ವೈದ್ಯರ ಬಳಿ ಹೋದಾಗ ಅದನ್ನು ತಪ್ಪದೆ ಹೇಳಬೇಕು. ಬಹಳ ಮಂದಿ ಬೀಡಿ, ಮದ್ಯದ ಬಗ್ಗೆ ಹೇಳುತ್ತಾರೆ, ಅಡಿಕೆಯನ್ನು ಹೇಳುವುದಿಲ್ಲ, ಅದನ್ನು ರೂಢಿಯೆಂದೇ ತಿಳಿದಿರುವುದರಿಂದ. ಅರಿಕೋಲಿನ್ ಶ್ವಾಸನಾಳವನ್ನು ಕುಗ್ಗಿಸಬಲ್ಲುದು. ಅಸ್ತಮಾ ಇರುವವರಲ್ಲಿ ಅಡಿಕೆ ಉಸಿರಾಟ ಕೆಡಿಸಿದ್ದನ್ನು 1990ರ ದಶಕದ ಆರಂಭದ ಅಧ್ಯಯನಗಳು ತೋರಿಸಿವೆ. ಮಾನಸಿಕ ಕಾಯಿಲೆಯ ಔಷಧಗಳಿಂದ ಬರುವ ಕೈನಡುಕ, ಬಿಗಿತ ತಡೆಯಲು ಕೊಡುವ ಮಾತ್ರೆಗಳು ಅರಿಕೋಲಿನ್ ತೆರೆಯುವ ಗ್ರಾಹಕಗಳನ್ನೇ ಮುಚ್ಚುವಂಥವು. ವಿಪರೀತ ಅಡಿಕೆ ಅಗಿದ ರೋಗಿಗಳಲ್ಲಿ ಆ ಮಾತ್ರೆ ನಿಷ್ಫಲವಾಗಿ ಬಿಗಿತ ಮರಳಿದ್ದು 1989ರಲ್ಲಿ ಬ್ರಿಟನ್‌ನಲ್ಲಿ ವರದಿಯಾಗಿದೆ. ಆದ್ದರಿಂದ ಅಸ್ತಮಾ, ಹೃದ್ರೋಗ, ಮಧುಮೇಹ, ಮಾನಸಿಕ ಕಾಯಿಲೆಗಳಿಗೆ ಚಿಕಿತ್ಸೆ ಪಡೆಯುತ್ತಿರುವ ಓದುಗರು ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಮಾತ್ರೆಗಳ ಚೀಟಿಯ ಜೊತೆಗೆ ದಿನಕ್ಕೆ ಎಷ್ಟು ಕವಳ, ಹೊಗೆಸೊಪ್ಪು ಇದೆಯೇ ಇಲ್ಲವೇ ಎಂಬುದನ್ನೂ ಹೇಳಿ. ವೈದ್ಯರು ಕೇಳದಿದ್ದರೂ ಹೇಳಿ.